ಕೆರೆ, ಬಲಿ ಮತ್ತು ಬಿತ್ತುವಟ್ಟ: ಕಡೂರು ಸೀಮೆಯ ಸಾಕ್ಷ್ಯದ ಒಂದು ವಿಮರ್ಶೆ

ಧರ್ಮಕ್ಕೂ ಪರಿಸರಕ್ಕೂ ಇರುವ ಸಂಬಂಧವನ್ನು ಕುರಿತು ನಮ್ಮಲ್ಲಿ ಈಚೆಗೆ ಹೊರಬರುತ್ತಿರುವ ಲೇಖನಗಳನ್ನು ಓದಿದವರಿಗೆ ಒಂದು ವಾದಸರಣಿ ಪರಿಚಿತವಾಗಿಯೇ ಇರುತ್ತದೆ. ನಮ್ಮ ಪೂರ್ವಿಕರು ನದಿಯನ್ನು ತಾಯಿಯೆಂದರು, ಮರವನ್ನು ಪೂಜಿಸಿದರು, ಕೆರೆ ಕಟ್ಟಿಸುವುದನ್ನು ಪುಣ್ಯಕಾರ್ಯವೆಂದೆಣಿಸಿದರು. ಆದುದರಿಂದ ನಮ್ಮ ಧರ್ಮವು ಸ್ವಭಾವತಃ ಪರಿಸರರಕ್ಷಕವಾದುದು. ಇಂದಿನ ಹವಾಮಾನದ ವಿಪರೀತಕ್ಕೆ ಆ ಧರ್ಮದ ಪುನರುಜ್ಜೀವನವೇ ಪರಿಹಾರ ಎಂಬುದು ಆ ವಾದ. ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದುದೂ ಅಲ್ಲ. 1967ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಕಾರರು ಪ್ರಕೃತಿಯ ಮೇಲಿನ ದಬ್ಬಾಳಿಕೆಯ ಬೇರುಗಳನ್ನು ಪಾಶ್ಚಾತ್ಯ ಕ್ರೈಸ್ತಮತದಲ್ಲಿ ಗುರುತಿಸಿದ ಲಾಗಾಯಿತು, ಎಲ್ಲ ಮತಗಳವರೂ ತಮ್ಮ ತಮ್ಮ ಗ್ರಂಥಗಳಲ್ಲಿ ಪ್ರಕೃತಿಪ್ರೇಮವನ್ನು ಹುಡುಕತೊಡಗಿದರು. 1986ರಲ್ಲಿ ಇಟಲಿಯ ಅಸಿಸಿಯಲ್ಲಿ ಐದು ಮತಗಳ ಪ್ರತಿನಿಧಿಗಳು ಘೋಷಣೆಗಳನ್ನು ಹೊರಡಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸರ ಪರಿಪತ್ರವೂ, ಅದೇ ವರ್ಷ ಇಸ್ತಾನ್‌ಬುಲ್‌ನಲ್ಲಿ ಮುಸ್ಲಿಂ ವಿದ್ವಾಂಸರ ಹವಾಮಾನ ಘೋಷಣೆಯೂ ಪ್ರಕಟವಾದುವು. ಇವೆಲ್ಲ ಸದಾಶಯದಿಂದ ಹುಟ್ಟಿದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಸದಾಶಯವು ಸಾಕ್ಷ್ಯವಲ್ಲ. ಧರ್ಮವು ನೀರನ್ನು ಯಾವಾಗ ಕಾಪಾಡಿತು, ಹೇಗೆ ಕಾಪಾಡಿತು, ಅದರ ಭಾರವನ್ನು ಯಾರು ಹೊತ್ತರು ಎಂಬ ಪ್ರಶ್ನೆಗಳನ್ನು ಕೇಳದೆ ಈ ವಾದವನ್ನು ಒಪ್ಪಲಾಗದು. ಪ್ರಕೃತ ಲೇಖನದಲ್ಲಿ ಆ ಪ್ರಶ್ನೆಗಳನ್ನು ಕಡೂರು ಸೀಮೆಯ ಸಾಕ್ಷ್ಯದೆದುರಿಗಿಟ್ಟು ಪರಿಶೀಲಿಸಲು ಯತ್ನಿಸಿದ್ದೇವೆ.

ಕಡೂರು ತಾಲೂಕನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಪಶ್ಚಿಮದಲ್ಲಿ ಬಾಬಾಬುಡನ್ ಗಿರಿಶ್ರೇಣಿ ಮೋಡಗಳನ್ನು ತಡೆಯುತ್ತದೆ. ಅದರ ಪೂರ್ವದ ನೆರಳಿನಲ್ಲಿರುವ ಈ ಬಯಲುಸೀಮೆಗೆ ದೊರೆಯುವುದು ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸಿನ ಮಳೆ. ಗಿರಿಯಿಂದಿಳಿಯುವ ನೀರನ್ನು ಹಿಡಿದು ನಿಲ್ಲಿಸಿದಲ್ಲದೆ ಇಲ್ಲಿ ತೆಂಗೂ ಇಲ್ಲ, ಅಡಕೆಯೂ ಇಲ್ಲ, ಹೊಯ್ಸಳರ ದೇಗುಲಗಳೂ ಇರುತ್ತಿರಲಿಲ್ಲ. ಹಿರೇನಲ್ಲೂರಿನ ಮಲ್ಲಿಕಾರ್ಜುನ ದೇವಾಲಯದ ಮುಂದೆ ನಿಂತು ನಮ್ಮ ವಿದ್ಯಾರ್ಥಿಗಳು ಶಿಲ್ಪದ ಸೊಬಗನ್ನು ಕುರಿತು ಕೇಳಿದ ಪ್ರಶ್ನೆಗಳು ಹಲವು. ಇಷ್ಟು ಕಲ್ಲು ಕೆತ್ತಿದವರಿಗೆ ಅನ್ನ ಎಲ್ಲಿಂದ ಬಂತು ಎಂದು ಕೇಳಿದವನು ಒಬ್ಬನೇ. ಅವನ ಪ್ರಶ್ನೆಯೇ ಈ ಲೇಖನಕ್ಕೆ ನಿಮಿತ್ತವೆನ್ನಬಹುದು. ಗಿರಿಯ ಪೂರ್ವದಲ್ಲಿ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ಮೊದಲನೆಯದಕ್ಕೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎರಡನೆಯದಕ್ಕೆ ಮದಗದ ಕೆರೆ. ಇವೆರಡನ್ನೂ ದಾಟಿ ಬಂದ ಹೊಳೆಗಳು ಕೂಡಿ ವೇದಾವತಿಯಾಗಿ ಹಿರಿಯೂರಿನತ್ತ ಹರಿಯುತ್ತವೆ.

ಅಯ್ಯನಕೆರೆಯನ್ನು ಕುರಿತು ಎರಡು ಬಗೆಯ ನೆನಪುಗಳು ಉಳಿದುಬಂದಿವೆ. ಮೊದಲನೆಯದು ಐತಿಹ್ಯ. ರುಕ್ಮಾಂಗದರಾಯನು ಕಟ್ಟಿಸಿದ ಈ ಕೆರೆಯ ಏರಿ ಒಡೆಯುವ ಸ್ಥಿತಿಗೆ ಬಂದಾಗ ಹೊನ್ನಬಿಲ್ತನೆಂಬವನು ತನ್ನನ್ನು ಬಲಿಗೊಟ್ಟುಕೊಂಡು ಏರಿಯನ್ನು ಉಳಿಸಿದನೆಂದು ರೈಸರ ಗೆಜೆಟಿಯರಿನಲ್ಲಿ ದಾಖಲಾಗಿದೆ. ಕೆರೆಯೊಡೆಯಲು ಹೊರಟ ಗಂಗೆಯನ್ನು ತಾನು ಮರಳಿ ಬರುವವರೆಗೆ ನಿಲ್ಲೆಂದು ಬೇಡಿಕೊಂಡ ಕಾವಲುಗಾರನನ್ನು ಅರಸನು ಮರಳಲು ಬಿಡದೆ ಕೊಲ್ಲಿಸಿದನು, ಕೊಟ್ಟ ಮಾತಿಗೆ ಕಟ್ಟುಬಿದ್ದ ಗಂಗೆ ಇಂದಿಗೂ ಕಾಯುತ್ತಿದ್ದಾಳೆ ಎಂಬ ಬಗೆಯ ಕಥೆಗಳೂ ಕನ್ನಡನಾಡಿನ ಕೆರೆಗಳ ಮೇಲೆ ಉಂಟು. ಎರಡನೆಯದು ಶಾಸನದ ನೆನಪು. 1156ರಲ್ಲಿ, ಹೊಯ್ಸಳ ನರಸಿಂಹನ ಆಳ್ವಿಕೆಯಲ್ಲಿ, ಈ ಕೆರೆಯ ಜೀರ್ಣೋದ್ಧಾರವಾಯಿತೆಂದು ಅದೇ ಗೆಜೆಟಿಯರು ತಿಳಿಸುತ್ತದೆ.

ಈ ಎರಡು ನೆನಪುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದವರು ವಿರಳ. ಐತಿಹ್ಯದ ಪ್ರಕಾರ ಒಂದು ಪ್ರಾಣವು ಒಮ್ಮೆ ಹೋಯಿತು, ಕೆರೆ ಶಾಶ್ವತವಾಗಿ ಉಳಿಯಿತು. ಶಾಸನದ ಪ್ರಕಾರ ಕೆರೆ ಕೆಟ್ಟಿತ್ತು, ಅದನ್ನು ದುರಸ್ತಿ ಮಾಡಲಾಯಿತು. ಅಂದರೆ ಮತ್ತೆ ಕೆಡಬಹುದು, ಮತ್ತೆ ದುರಸ್ತಿ ಮಾಡಬೇಕಾಗಬಹುದು. ಐತಿಹ್ಯದ ಕಾಲ ಒಂದು ದಿನ. ಶಾಸನದ ಕಾಲ ಪ್ರತಿವರ್ಷ. ನಮ್ಮ ಇಂದಿನ ಪರಿಸರಧರ್ಮದ ಬರವಣಿಗೆಯು ಇವೆರಡನ್ನೂ ಪರಂಪರೆಯೆಂಬ ಒಂದೇ ಮಾತಿನಲ್ಲಿ ಕಲಸಿಬಿಡುತ್ತದೆ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ಬಲಿಯ ಕಥೆಗಳ ಪೈಕಿ 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯು ನಮ್ಮ ಓದುಗರಿಗೆಲ್ಲ ತಿಳಿದುದೇ. ಅದನ್ನು ಲೋಕಹಿತಕ್ಕಾಗಿ ಮಾಡಿದ ತ್ಯಾಗದ ಕಾವ್ಯವೆಂದು ಬಹುಕಾಲದಿಂದ ಪಾಠ ಹೇಳುತ್ತ ಬಂದಿದ್ದೇವೆ. ಈಗ ಅದಕ್ಕೆ ಪರಿಸರಪ್ರಜ್ಞೆಯ ಕಾವ್ಯವೆಂಬ ಹೊಸ ಬಿರುದೂ ಬಂದಿದೆ. ಆದರೆ ಗೀತೆಯ ನಡೆಯನ್ನು ಗಮನಿಸಬೇಕು. ಕೆರೆಯನ್ನು ಅಗೆಸಿದವನು ಗೌಡ. ನೀರು ಬಾರದಿದ್ದಾಗ ಹೊತ್ತಗೆ ತೆಗೆಸಿ ಕೇಳಿದವರು ಹಿರಿಯರು. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಕೇಡೆಂದು ಲೆಕ್ಕಹಾಕಿ ಕಿರಿಯ ಸೊಸೆಯನ್ನು ಆರಿಸಿದವರೂ ಅವರೇ. ಆ ನಿರ್ಣಯದಲ್ಲಿ ಭಾಗೀರಥಿಯ ಮಾತು ಎಲ್ಲಿಯೂ ಇಲ್ಲ. ತವರಿಗೆ ಹೋಗಿಯೂ ತನ್ನ ದುಃಖವನ್ನು ತಂದೆತಾಯಿಯರೆದುರು ಬಿಚ್ಚಿಹೇಳಲಾರದೆ ಆಕೆ ಮರಳುತ್ತಾಳೆ. ದಂಡಿನಿಂದ ಬಂದ ಗಂಡನು ಅದೇ ಕೆರೆಗೆ ಹಾರುತ್ತಾನೆ. ಅನಾಮಿಕನಾದ ಆ ಕವಿಯು ಬಲಿಯನ್ನು ಕೊಂಡಾಡಿದನೆಂದು ಹೇಳುವುದಕ್ಕಿಂತ, ಕೆರೆಯ ನೀರಿಗೆ ತೆತ್ತ ಬೆಲೆಯ ಲೆಕ್ಕವನ್ನು ಮುಂದಿಟ್ಟನೆಂದು ಹೇಳುವುದೇ ಸರಿಯೆಂದು ನಮಗೆ ತೋರುತ್ತದೆ. ಹೊನ್ನಬಿಲ್ತನ ಕಥೆಯೂ ಇಂತಹುದೇ: ಪುಣ್ಯವು ಕಟ್ಟಿಸಿದವನ ಹೆಸರಿಗೆ, ಪ್ರಾಣವು ಕಾದವನ ಪಾಲಿಗೆ. ಇಂದು ಹವಾಮಾನದ ಬದಲಾವಣೆಯಲ್ಲಿ ಹೊರೆಯು ಯಾರ ಮೇಲೆ ಬೀಳುತ್ತಿದೆಯೆಂಬುದನ್ನು ಬಲ್ಲವರು ಈ ಕಥೆಗಳನ್ನು ಅಷ್ಟು ಸುಲಭವಾಗಿ ಹೊಗಳಲಾರರು.

ಇನ್ನು ಶಾಸನಗಳ ಕಡೆಗೆ ಬರೋಣ. ಕೆರೆಯನ್ನು ಧರ್ಮವೆಂದು ಕರೆದ ಕಾಲದಲ್ಲಿಯೇ ಅದನ್ನು ಲೆಕ್ಕವೆಂದೂ ಎಣಿಸಿದ್ದರು. ಕಡಪ ಸೀಮೆಯ ಪೋರುಮಾಮಿಳ್ಳದ 1369ರ ಶಾಸನವು ಇದಕ್ಕೆ ಅತ್ಯುತ್ತಮ ಉದಾಹರಣೆ. ಅದು ಕೆರೆಯನ್ನು ಸಪ್ತಸಂತಾನಗಳಲ್ಲಿ ಒಂದೆಂದು ಸ್ತುತಿಸುತ್ತದೆ. ಅಷ್ಟಕ್ಕೇ ನಿಲ್ಲದೆ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಹೇಳುತ್ತದೆ. ಎರಡು ವರ್ಷಗಳ ಕಾಲ ದಿನವೊಂದಕ್ಕೆ ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ದುಡಿದುದನ್ನು ನಮೂದಿಸುತ್ತದೆ. ಸ್ತೋತ್ರವೂ ಅಳತೆಯೂ ಒಂದೇ ಕಲ್ಲಿನ ಮೇಲಿವೆ. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ, ದಶವಂದ ಮುಂತಾದ ಮಾತುಗಳನ್ನು ಈ ಬೆಳಕಿನಲ್ಲಿ ಓದಬೇಕು. ಕೆರೆಯ ಕೆಳಗಿನ ಭೂಮಿಯ ಅಥವಾ ಬೆಳೆಯ ಒಂದು ಪಾಲನ್ನು ಆ ಕೆರೆಯ ಕಟ್ಟುವಿಕೆ, ರಕ್ಷಣೆಗಳಿಗೇ ಮೀಸಲಿಡುವ ಏರ್ಪಾಡುಗಳಿವು. ಹೂಳೆತ್ತುವ ಬಂಡಿ ಕೋಣಗಳ ಖರ್ಚಿಗೂ ದತ್ತಿ ಬಿಟ್ಟುದುಂಟು. ದಾನವನ್ನು ಅಳಿಪಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪವೆಂಬ ಶಾಪವನ್ನು ನಮ್ಮ ಲೇಖಕರು ಪರಿಸರರಕ್ಷಣೆಯ ಶಾಪವೆಂಬಂತೆ ಉಲ್ಲೇಖಿಸುತ್ತಾರೆ. ಅದು ಸರಿಯಲ್ಲ. ಆ ಶಾಪವು ಕಾಯುವುದು ನೀರನ್ನಲ್ಲ, ದತ್ತಿಯನ್ನು. ದತ್ತಿಯಿದ್ದರೆ ಏರಿಗೆ ಮಣ್ಣು ಬೀಳುತ್ತಿತ್ತು, ತೂಬು ತೆರೆಯುತ್ತಿತ್ತು, ನೀರಗಂಟಿಗೆ ಧಾನ್ಯ ಸಲ್ಲುತ್ತಿತ್ತು. ದೇವರ ಭಯವು ಕೆಲಸ ಮಾಡಿದುದು ಈ ಸುತ್ತುದಾರಿಯಿಂದ.

ಭಯವೊಂದೇ ಸಾಲದೆಂಬುದಕ್ಕೆ ಕೊಡಗಿನ ದೇವರಕಾಡುಗಳೇ ಸಾಕ್ಷಿ. ಮಾಧವ ಗಾಡ್ಗೀಳ್ ಮತ್ತು ವರ್ತಕರು 1970ರ ದಶಕದಲ್ಲಿ ಪಶ್ಚಿಮಘಟ್ಟದ ಪವಿತ್ರವನಗಳನ್ನು ಕುರಿತು ಬರೆದ ಮೇಲೆ ಇವಕ್ಕೆ ದೊಡ್ಡ ಪ್ರಸಿದ್ಧಿ ದೊರೆಯಿತು. ಆದರೆ 1905ರಲ್ಲಿ 15,506 ಎಕರೆಗಳಷ್ಟಿದ್ದ ದೇವರಕಾಡು 1985ರ ಹೊತ್ತಿಗೆ 6,299 ಎಕರೆಗಳಿಗೆ ಇಳಿಯಿತು. ಈ 80 ವರ್ಷಗಳಲ್ಲಿ ಕೊಡವರ ದೈವಭಕ್ತಿ ಅದೇ ಪ್ರಮಾಣದಲ್ಲಿ ಇಳಿಯಿತೆಂದು ಯಾರೂ ಹೇಳಲಾರರು. ಬದಲಾದುದು ಭೂಮಿಯ ಮೇಲಿನ ಅಧಿಕಾರ, ಕಾಫಿಯ ಬೆಲೆ, ಕಂದಾಯದ ಕಡತ. ಕಾಫಿಯ ಮಾತು ಬಂದುದರಿಂದ ಒಂದು ವಿಷಯ ನೆನಪಾಗುತ್ತದೆ. ಮೆಕ್ಕಾ ಯಾತ್ರೆಯಿಂದ ಮರಳಿದ ಬಾಬಾಬುಡನ್ ಎಂಬ ಸಂತನು ತಂದ ಏಳು ಬೀಜಗಳಿಂದ ನಮ್ಮ ಗಿರಿಗಳಲ್ಲಿ ಕಾಫಿ ಹುಟ್ಟಿತೆಂದು ಪ್ರತೀತಿ. 19ನೆಯ ಶತಮಾನದ ತೋಟಗಾರರು ಅದನ್ನು ವಿಸ್ತರಿಸಿ ಮಲೆಯ ಕಾಡಿನ ರೂಪವನ್ನೇ ಬದಲಿಸಿದರು. ಅದೇ ಗಿರಿಯ ಪೀಠದಲ್ಲಿ ಪೂಜೆಯ ಹಕ್ಕು ಯಾರದೆಂಬ ವ್ಯಾಜ್ಯವು ದಶಕಗಳಿಂದ ನ್ಯಾಯಾಲಯಗಳಲ್ಲಿ ನಡೆದಿದೆ. ಅಲ್ಲಿ ಹುಟ್ಟುವ ಹೊಳೆಗಳ ಪರವಾಗಿ ಎರಡು ಪಕ್ಷಗಳಲ್ಲಿ ಯಾವುದೂ ವಾದಿಸಿದುದು ನಮ್ಮ ಗಮನಕ್ಕೆ ಬಂದಿಲ್ಲ.

ಕೆರೆಯ ಧರ್ಮವು ಎಂದು ಕಳಚಿತು? ಸಾಮಾನ್ಯವಾಗಿ ಬ್ರಿಟಿಷರ ಕಾಲವನ್ನು ದೂರುವುದು ವಾಡಿಕೆ, ಅದರಲ್ಲಿ ನಿಜಾಂಶವುಂಟು. ಆದರೆ ನಮ್ಮದೇ ಶಾಸನಸಭೆ ಮಾಡಿದ ಕಾನೂನುಗಳನ್ನೂ ಮರೆಯಬಾರದು. 1955ರ ಕಾಯಿದೆ ಧಾರ್ಮಿಕ ಹಾಗೂ ಧರ್ಮಾದಾಯ ಇನಾಮುಗಳನ್ನು ರದ್ದುಮಾಡಿತು. 1961ರ ಕಾಯಿದೆ ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ಇವೆರಡೂ ನ್ಯಾಯವಾದುವೆಂದೇ ನಮ್ಮ ಅಭಿಪ್ರಾಯ. ಉಳುವವನಿಗೆ ಹೊಲ ದೊರೆಯಬೇಕಾಗಿತ್ತು. ಹುಟ್ಟಿನಿಂದಲೇ ಒಬ್ಬನು ತೋಟಿ, ಮತ್ತೊಬ್ಬನು ನೀರಗಂಟಿ ಎಂಬ ಕಟ್ಟಳೆ ಹೋಗಬೇಕಾಗಿತ್ತು. ಹಲವು ಕಡೆಗಳಲ್ಲಿ ನೀರಗಂಟಿಯು ಏರಿಯ ಮೇಲೆ ರಾತ್ರಿಯೆಲ್ಲ ಕಾಯಬಹುದಾಗಿತ್ತು, ಆದರೆ ಏರಿಯ ಮೇಲಿನ ಗುಡಿಯೊಳಕ್ಕೆ ಕಾಲಿಡುವಂತಿರಲಿಲ್ಲ; ಈ ವ್ಯವಸ್ಥೆಯನ್ನು ಮರಳಿ ತರಬೇಕೆನ್ನುವವರು ಈ ಮಾತನ್ನು ಹೇಳುವುದೇ ಇಲ್ಲ. ಆದರೂ ಅನ್ಯಾಯವನ್ನು ತೆಗೆದ ಕೈಯೇ ಹೊಣೆಯನ್ನೂ ತೆಗೆದುಬಿಟ್ಟಿತು, ಅದರ ಸ್ಥಾನದಲ್ಲಿ ಮತ್ತೊಂದನ್ನಿಡಲಿಲ್ಲ ಎಂಬುದು ಸತ್ಯ. ಕೆರೆ ಸರ್ಕಾರದ್ದಾಯಿತು. ಊರಿಗೆ ಉಳಿದುದು ಕೋಡಿ ಬಿದ್ದಾಗ ಕೊಡುವ ಬಾಗಿನ. ಬೆಳೆಯ ಪಾಲಿನಿಂದ ಬೇರ್ಪಟ್ಟ ಬಾಗಿನವು ಕೇವಲ ಉತ್ಸವ. ಆ ಉತ್ಸವದ ಛಾಯಾಚಿತ್ರಗಳು ಮರುದಿನದ ಪತ್ರಿಕೆಯಲ್ಲಿ ಬರುತ್ತವೆ, ಹೂಳು ಇದ್ದಲ್ಲಿಯೇ ಇರುತ್ತದೆ.

2019ರ ಜೂನ್ ತಿಂಗಳಲ್ಲಿ ಮಳೆಗಾಗಿ ಪರ್ಜನ್ಯ ಜಪ ನಡೆಸುವಂತೆ ಮುಜರಾಯಿ ಇಲಾಖೆಯು ತನ್ನ ದೇವಾಲಯಗಳಿಗೆ ಸೂಚಿಸಿತು. ಜಪದ ಫಲವನ್ನು ಕುರಿತು ವಾದಿಸುವುದು ನಮ್ಮ ಕೆಲಸವಲ್ಲ. ಅದೇ ದೇವಾಲಯಗಳ ಕೆರೆ ಕಲ್ಯಾಣಿಗಳ ಹೂಳೆತ್ತಲು ಅಂದೇ ಒಂದು ಸೂಚನೆ ಹೊರಟಿದ್ದರೆ ಅದನ್ನು 12ನೆಯ ಶತಮಾನದವರು ಧರ್ಮವೆಂದು ಗುರುತಿಸುತ್ತಿದ್ದರು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಒಂದು ಪ್ರಬಲ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ, ಅದನ್ನು ಮರೆಮಾಡುವುದು ಅಪ್ರಾಮಾಣಿಕತೆಯಾದೀತು. ಸಿರಿಗೆರೆಯ ತರಳಬಾಳು ಬೃಹನ್ಮಠದ ಶ್ರೀ ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳ ಒತ್ತಾಸೆಯಿಂದ ಏತ ನೀರಾವರಿಯ ಯೋಜನೆ ರೂಪುಗೊಂಡು, 2021ರಲ್ಲಿ ತುಂಗಭದ್ರೆಯ ನೀರು ಭರಮಸಾಗರದ ದೊಡ್ಡ ಕೆರೆಗೆ ಹರಿಯಿತು. ಮಠವೊಂದು ಜಪಕ್ಕೆ ನಿಲ್ಲದೆ ಕಡತದ ಬೆನ್ನುಹತ್ತಿ, ರೈತರನ್ನು ಕೂಡಿಸಿ, ಸರ್ಕಾರವನ್ನು ಒತ್ತಾಯಿಸಿದ ಈ ಪ್ರಯತ್ನವು ಮೆಚ್ಚತಕ್ಕದ್ದೇ. ಬರದ ಊರಿನವರ ಕಣ್ಣಿಗೆ ಆ ನೀರು ಏನಾಗಿ ಕಂಡಿತೆಂಬುದನ್ನು ಬಯಲುಸೀಮೆಯವರಾದ ನಾವು ಬಲ್ಲೆವು. ಆದರೂ ಒಂದು ಭೇದವನ್ನು ಗುರುತಿಸಬೇಕಾಗಿದೆ. ಬಿತ್ತುವಟ್ಟವು ಕೆರೆಗೆ ಬಂದ ನೀರನ್ನು ಕಾಯುವ ಹೊಣೆ. ಏತ ನೀರಾವರಿಯು ಬೇರೆಡೆಯ ನೀರನ್ನು ತರುವ ಹಕ್ಕು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗವನ್ನು ಹಾದು 2019ರಲ್ಲಿ ವೇದಾವತಿಯನ್ನು ಸೇರಿತು. 1933ರ ಬಳಿಕ ಮೊದಲ ಬಾರಿಗೆ, 2022ರಲ್ಲಿ, ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಆ ವರ್ಷದ ಮಳೆಯ ಪಾಲೂ ಅದರಲ್ಲಿ ದೊಡ್ಡದು. ಆದರೆ ಭದ್ರೆಯ ಅಚ್ಚುಕಟ್ಟಿನ ಕೊನೆಯಂಚಿನ ರೈತನು ತನ್ನ ಪಾಲಿಗೇನೆಂದು ಕೇಳಿದಾಗ ಉತ್ತರಿಸುವ ಮಠ ಯಾವುದು? ತನ್ನ ಭಕ್ತರ ಸೀಮೆಗೆ ನೀರು ತರುವುದು ಸಮುದಾಯದ ಸೇವೆ; ತನ್ನವರು ಕೊರೆಯುವ ಕೊಳವೆಬಾವಿಗೆ ಮಿತಿ ಹಾಕುವುದು ಅದಕ್ಕಿಂತ ಕಷ್ಟವಾದ ಧರ್ಮ. ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲೂಕುಗಳ ಪಟ್ಟಿಯಲ್ಲಿ ಕಡೂರಿನ ಹೆಸರು ಹಲವು ವರ್ಷಗಳಿಂದ ಕಾಣಿಸಿಕೊಂಡಿದೆ. ಇಲ್ಲಿ ಎಲ್ಲ ಮತಗಳ ಗುಡಿ, ಮಠ, ಮಸೀದಿ, ಚರ್ಚುಗಳೂ ಇವೆ. ನೀರಿನ ಬಳಕೆಗೆ ಮಿತಿ ಹೇಳಿದ ಪ್ರವಚನವನ್ನು ನಾವು ಕೇಳಿದುದು ಕಡಿಮೆ. ಭಕ್ತರೂ ದಾನಿಗಳೂ ತೋಟದವರೇ ಆಗಿರುವಾಗ ಹಾಗೆ ಹೇಳುವುದು ಸುಲಭವಲ್ಲವೆಂಬುದನ್ನು ಒಪ್ಪುತ್ತೇವೆ.

ನಮ್ಮ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಿಂದ ಕಡೂರು ತಾಲೂಕಿನ ಕೆರೆದತ್ತಿಗಳನ್ನು ಆಯ್ದು, ಅಲ್ಲಿ ಹೇಳಿದ ಗದ್ದೆಗಳ ಎಲ್ಲೆಗಳನ್ನು ಇಂದಿನ ಸರ್ವೆ ನಂಬರುಗಳೊಂದಿಗೆ ಹೋಲಿಸುವ ಕೆಲಸವನ್ನು ಆರಂಭಿಸಿದ್ದಾರೆ. ಮೊದಲಿಗೆ ಹಿರೇನಲ್ಲೂರು ಹೋಬಳಿಯನ್ನು ತೆಗೆದುಕೊಂಡಿದೆ. ಕೆರೆಗೆ ಬಿಟ್ಟ ಭೂಮಿ ಈಗ ಯಾರ ಹೆಸರಿನಲ್ಲಿದೆ, ಅದರ ಮೇಲೆ ಎಷ್ಟು ಕೊಳವೆಬಾವಿಗಳಿವೆ, ಕೆರೆಯ ತೂಬಿನ ಬೀಗದ ಕೈ ಯಾರಲ್ಲಿದೆ ಎಂಬುದನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳುವಂತೆ ಅವರಿಗೆ ಹೇಳಿದ್ದೇವೆ. ನೀರಗಂಟಿಗಳ ಮನೆತನದವರು ಇನ್ನೂ ಇರುವ ಊರುಗಳಲ್ಲಿ ಮೊದಲು ಅವರ ಮನೆಗೇ ಹೋಗಬೇಕೆಂದೂ ಸೂಚಿಸಿದ್ದೇವೆ.