ಬಣ್ಣಕ್ಕೆ ವಿನಾಯಿತಿ ಬೇಡ

ಝರಾಸಂಗಂನ ಕೇತಕಿ ಸಂಗಮೇಶ್ವರನ ಶಿವರಾತ್ರಿ ಜಾತ್ರೆಗೆ ಜಹೀರಾಬಾದಿನಿಂದಲೂ ಬೀದರಿನಿಂದಲೂ ಜನ ಬರುತ್ತಾರೆ. ಇಂಥ ಜಾತ್ರೆಯಲ್ಲಿ ಮಗುವಿಗೆ ಬಣ್ಣದ ಮರದ ಗಾಡಿ ಕೊಡಿಸುವ ತಾಯಿ ಅದರ ಮೇಲೆ ಐಎಸ್‌ಐ ಗುರುತು ಹುಡುಕಿದರೆ ಸಿಗದೇ ಹೋಗಬಹುದು. ಕೆಲವು ಆಟಿಕೆಗಳಿಗೆ ಅದು ಬೇಡವೆಂದು ಸರ್ಕಾರವೇ ಹೇಳಿದೆ.

ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಂದು ಜಾರಿಗೆ ಬಂತು. ಅದು ಕಡ್ಡಾಯ ಮಾಡಿದ ಮಾನದಂಡಗಳಲ್ಲಿ ಆಟಿಕೆಯಿಂದ ಹೊರಬರುವ ಸೀಸಕ್ಕೂ ಮಿತಿಯಿದೆ: ಕಿಲೋಗೆ 90 ಮಿಲಿಗ್ರಾಂ. ಆದರೆ ಜಾರಿಗೆ ಕೆಲವೇ ವಾರ ಮೊದಲು, 2020ರ ಡಿಸೆಂಬರಿನಲ್ಲಿ ತಿದ್ದುಪಡಿಯಾಯಿತು. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆ, ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಆಟಿಕೆ ಎರಡನ್ನೂ ಆದೇಶದಿಂದ ಹೊರಗಿಟ್ಟರು. ಚನ್ನಪಟ್ಟಣ, ಕಿನ್ನಾಳ, ತೆಲಂಗಾಣದ ನಿರ್ಮಲ್ ಎಲ್ಲಕ್ಕೂ ಜಿಐ ಇದೆ.

ಈ ತಿದ್ದುಪಡಿಯ ಉದ್ದೇಶ ನನಗೆ ಒಪ್ಪಿಗೆ. ಮನೆಯಂಗಳದಲ್ಲಿ ಆಲೆ ಮರ ಕಡೆಯುವವರ ತಲೆಯ ಮೇಲೆ ಕಾರ್ಖಾನೆಯ ಪರವಾನಗಿ, ಪರೀಕ್ಷೆಯ ಖರ್ಚು ಹೇರಿದರೆ ಕಸುಬೇ ನಿಲ್ಲುತ್ತದೆ. ಒಪ್ಪದಿರುವುದು ವಿನಾಯಿತಿಯನ್ನು ಅಳೆದ ರೀತಿ. ಮಾಡಿದವರು ಯಾರು ಎಂದು ನೋಡಿದ್ದಾರೆ, ಸೀಸ ಎಲ್ಲಿರಬಹುದು ಎಂದು ನೋಡಿಲ್ಲ.

ಅಮೆರಿಕದಲ್ಲಿ ಇದೇ ತೊಡಕು ಬೇರೆ ರೂಪದಲ್ಲಿ ಬಂದಿತ್ತು. 2008ರ ಕಾಯ್ದೆ ಮಕ್ಕಳ ಸರಕಿನ ಸೀಸಕ್ಕೆ ಮಿತಿ ಹಾಕಿದಾಗ ಮಕ್ಕಳು ಮಣ್ಣುದಾರಿಯಲ್ಲಿ ಓಡಿಸುವ ಪುಟ್ಟ ಮೋಟಾರ್‌ಬೈಕು, ನಾಲ್ಕು ಚಕ್ರದ ಗಾಡಿಗಳು ಅಂಗಡಿಯಿಂದ ಮರೆಯಾದವು. ಟೈರಿನ ಹಿತ್ತಾಳೆ ವಾಲ್ವು, ಬ್ಯಾಟರಿಯ ತುದಿ, ಮಿಶ್ರಲೋಹದ ಬಿಡಿಭಾಗ ಇವುಗಳಲ್ಲಿ ಸೀಸವಿತ್ತು. ಮಕ್ಕಳು ದೊಡ್ಡವರ ಗಾಡಿ ಹತ್ತಿ ಬಿದ್ದರೆ ಅಪಾಯ ಇನ್ನೂ ಹೆಚ್ಚೆಂಬ ವಾದ ಗೆದ್ದು, 2011ರ ಆಗಸ್ಟಿನಲ್ಲಿ ಇಂಥ ವಾಹನಗಳಿಗೆ ವಿನಾಯಿತಿ ಸಿಕ್ಕಿತು. ತಯಾರಕರ ಒತ್ತಡವೂ ಅದರ ಹಿಂದಿತ್ತು. ಆದರೂ ಸಡಿಲವಾದದ್ದು ಲೋಹದೊಳಗೆ ಬೆಸೆದುಕೊಂಡ ಸೀಸದ ಮಿತಿ. ಬಣ್ಣದ ಸೀಸಕ್ಕಿದ್ದ ಪ್ರತ್ಯೇಕ ಮಿತಿಯನ್ನು ಆ ತಿದ್ದುಪಡಿ ಮುಟ್ಟಲಿಲ್ಲ.

ನಮ್ಮಲ್ಲಿ ಬಿಟ್ಟುಕೊಟ್ಟಿರುವುದು ಆ ಬಣ್ಣವನ್ನೇ. ಗಾಡಿಯ ವಾಲ್ವನ್ನು ಯಾವ ಮಗುವೂ ಚೀಪುವುದಿಲ್ಲ. ಮರದ ಗಿಲಕಿ ಬಾಯಿಗೇ ಹೋಗುತ್ತದೆ. ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಮಿದುಳಿಗೆ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ. ಅರಗಿಗೆ ಅರಿಶಿನ, ನೀಲಿಯಂಥ ಗಿಡಮೂಲದ ಬಣ್ಣ ಬೆರೆಸುವ ಚನ್ನಪಟ್ಟಣದ ಕುಶಲಕರ್ಮಿಗೆ ಪರೀಕ್ಷೆಯ ಭಯವಿಲ್ಲ. ಅವರ ಶ್ರಮಕ್ಕೆ ಸಾಕ್ಷಿಯಾಗಬಲ್ಲ ಪರೀಕ್ಷೆಯನ್ನೇ ಈ ವಿನಾಯಿತಿ ತಪ್ಪಿಸಿದೆ. ಪೇಟೆಯ ರಾಸಾಯನಿಕ ಬಣ್ಣ ಬಳಸುವವರಿಗೂ ಡಬ್ಬಿಯೊಳಗೇನಿದೆ ಎಂದು ಹೇಳುವವರಿಲ್ಲ. 2017ರ ನವೆಂಬರಿನಿಂದ ಜಾರಿಯಲ್ಲಿರುವ ಸೀಸದ ನಿಯಮ ಮನೆಗೆ ಬಳಿಯುವ, ಅಲಂಕಾರದ ಬಣ್ಣಗಳಿಗಷ್ಟೇ. ಕೈಗಾರಿಕಾ ಬಣ್ಣ ಅದರ ಹೊರಗಿದೆ.

ಕುಶಲಕರ್ಮಿಗೆ ಪರವಾನಗಿಯ ಹೊರೆ ಬೇಡ, ಅದು ಹಾಗೆಯೇ ಇರಲಿ. ಬಣ್ಣವನ್ನು ಮಾತ್ರ ಆದೇಶದೊಳಕ್ಕೆ ಮರಳಿ ತರಬೇಕು. ಆಟಿಕೆಗೆ ಬಳಸುವ ಬಣ್ಣವನ್ನು ಮಾರುವ ಕಡೆಯಲ್ಲೇ, ಸರ್ಕಾರದ ಖರ್ಚಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಡಬ್ಬಿಯ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ಅಚ್ಚುಹಾಕಿಸಬೇಕು.