ಬರಿಗೋಡೆಯಿಂದ ಬರುವ ದನಿ

ಮನೆಯಲ್ಲೇ ಪ್ಲೈವುಡ್ ಕೊಯ್ದು, ಅಂಟು ಹಾಕಿ ಕಟ್ಟಿದ ಸ್ಪೀಕರ್ ಜೋಡಿ ಮೊದಲ ದಿನವೇ ಹಾಡುತ್ತದೆ. ಹಾಡುಗಾರ ಮಾತ್ರ ಎದುರಿಗೆ ಬಂದು ಕೂರುವುದಿಲ್ಲ. ಅದಕ್ಕೆ ಇನ್ನೂ ವಾರಗಟ್ಟಲೆ ಕೆಲಸವಿದೆ, ನಿಜವಾದ ಕುಶಲತೆ ಇರುವುದೂ ಅಲ್ಲೇ.

ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ 1931ರಲ್ಲಿ ಸ್ಟೀರಿಯೊಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು. ಎರಡು ಪೆಟ್ಟಿಗೆಗಳ ನಡುವಿನ ಬರಿಗೋಡೆಯಿಂದ ದನಿ ಹೊಮ್ಮುವ ಆ ಸೋಜಿಗ ನನಗಿನ್ನೂ ಹಳತಾಗಿಲ್ಲ.

ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂ.ಮೀ. ಸಾಗುತ್ತದೆ. ಒಂದು ಪೆಟ್ಟಿಗೆ ಹತ್ತಿರವಿದ್ದರೆ ಅದರ ಸದ್ದು ಮೊದಲು ತಲುಪಿ ದನಿ ಆ ಕಡೆಗೆ ವಾಲುತ್ತದೆ. ಹಾಗಾಗಿ ಕಿವಿಯಿಂದ ಎರಡೂ ಪೆಟ್ಟಿಗೆಗೆ ಸಮ ದೂರ ಇರುವಂತೆ ಟೇಪಿನಲ್ಲಿ ಅಳೆಯಬೇಕು. ಏರು-ತಗ್ಗು ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರಿನ ಕೆಪಾಸಿಟರ್‌ಗಳನ್ನೂ ಮೀಟರಿನಲ್ಲಿ ನೋಡಿ ಜೋಡಿ ಮಾಡಬೇಕು. ನನಗೆ ಅಚ್ಚುಮೆಚ್ಚು, ಏರುಸ್ವರ ನುಡಿಸುವ ಟ್ವೀಟರ್ ಸುತ್ತ ಅಂಟಿಸುವ ಉಣ್ಣೆಯ ಫೆಲ್ಟ್. ಪೆಟ್ಟಿಗೆಯ ಅಂಚಿಗೆ ತಾಗಿ ಮರಳುವ ಸಣ್ಣ ಸದ್ದುಗಳು ನಡುವೆ ಮೂಡುವ ದನಿಯ ಚಿತ್ರವನ್ನು ಕದಡುತ್ತವೆ. ಫೆಲ್ಟ್ ಅವನ್ನು ಹೀರುತ್ತದೆ. ಬಿಬಿಸಿ ಎಂಜಿನಿಯರರು ಎಪ್ಪತ್ತರ ದಶಕದ ಎಲ್‌ಎಸ್3/5ಎ ಸ್ಪೀಕರಿನಲ್ಲಿ ಮಾಡಿದ್ದು ಇದನ್ನೇ.

ಕೊನೆಗೆ, ಎರಡೂ ಪೆಟ್ಟಿಗೆಯಲ್ಲಿ ಒಂದೇ ಸದ್ದು ಬರುವ ಮೋನೊ ಹಾಡೊಂದನ್ನು ಹಾಕಿ ಕಣ್ಣು ಮುಚ್ಚಿ. ದನಿ ನಟ್ಟನಡುವೆ ನಿಲ್ಲದೆ ಹರಡಿದರೆ, ಪೆಟ್ಟಿಗೆಗಳನ್ನು ಬೆರಳಷ್ಟು ಒಳಕ್ಕೆ ತಿರುಗಿಸಿ ಮತ್ತೆ ಕೇಳಿ. ಹೊಸ ಟ್ವೀಟರ್ ಕೊಳ್ಳುವ ಯೋಚನೆ ಅದಾದ ಮೇಲಿರಲಿ.