ಹೊತ್ತವರ ಹೆಸರು

ಗಾಂಧೀಜಿಯವರ ಆತ್ಮಕಥೆ 1925ರಿಂದ 1929ರವರೆಗೆ ‘ನವಜೀವನ’ ಪತ್ರಿಕೆಯಲ್ಲಿ ಗುಜರಾತಿಯಲ್ಲಿ ಪ್ರಕಟವಾಯಿತು. ಅದರ ಬೋಯರ್ ಯುದ್ಧದ ಅಧ್ಯಾಯವನ್ನು ಸಾಮಾನ್ಯವಾಗಿ ಸಾಮ್ರಾಜ್ಯನಿಷ್ಠೆಯ ಪ್ರಶ್ನೆಯಾಗಿ ಓದಲಾಗುತ್ತದೆ. ಆದರೆ ಅಧ್ಯಾಯದ ನಡುವಿರುವುದು ರಣರಂಗದಲ್ಲಿ ಡೋಲಿ ಹೊತ್ತವರ ಕಥನ. ಅದನ್ನು ಕಥನವಾಗಿಯೇ ಪರಿಶೀಲಿಸುವುದು ನಮ್ಮ ಉದ್ದೇಶ.

1899ರಲ್ಲಿ ನೆಟಾಲಿನಲ್ಲಿ ರಚಿತವಾದ ಭಾರತೀಯ ಆಂಬ್ಯುಲೆನ್ಸ್ ದಳದಲ್ಲಿ 1100 ಜನರಿದ್ದರು. ಸುಮಾರು 300 ಮಂದಿ ಸ್ವತಂತ್ರರು. ಉಳಿದವರು ಕರಾರಿನ ಕೂಲಿಗಳು. ಗುಂಡಿನ ದಾಳಿಯ ವಲಯದ ಹೊರಗೆ ದುಡಿಯುವುದಷ್ಟೇ ಅವರ ಕರ್ತವ್ಯ. 1900ರ ಜನವರಿಯಲ್ಲಿ ಸ್ಪಿಯಾನ್ ಕಾಪ್ ಕದನದ ಹಿನ್ನಡೆಯ ಬಳಿಕ, ಕಟ್ಟುಪಾಡಿಲ್ಲದಿದ್ದರೂ ಒಳಗೆ ಬಂದರೆ ಉಪಕಾರವಾದೀತೆಂದು ಜನರಲ್ ಬುಲ್ಲರ್ ಹೇಳಿಕಳುಹಿಸಿದಾಗ ಅವರು ಹಿಂಜರಿಯಲಿಲ್ಲ. ಗಾಯಾಳುಗಳನ್ನು ಹೊತ್ತು ದಿನಕ್ಕೆ 20–25 ಮೈಲಿ ನಡೆದರು.

ಈ ನಡಿಗೆಯನ್ನು ಹೇಳುವಲ್ಲಿ ಕರ್ತೃಪದ ‘ನಾವು’. ಅದು ಮುಖಂಡನನ್ನೂ ಕೂಲಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಬಾಯಾರಿದ ದಳದವರೂ ಬಿಳಿಯ ಸಿಪಾಯಿಗಳೂ ಸಣ್ಣ ತೊರೆಯೊಂದರ ಬಳಿ, ಮೊದಲು ನೀವು ಕುಡಿಯಿರೆಂದು ಪರಸ್ಪರ ಒತ್ತಾಯಿಸುವ ಪ್ರಸಂಗದಲ್ಲಿ ಆ ಔದಾರ್ಯ ಎದ್ದು ಕಾಣುತ್ತದೆ. ಆದರೆ ಅದೇ ‘ನಾವು’ ಒಂದನ್ನು ಮರೆಮಾಡುತ್ತದೆ. ದಳವು ಹೊತ್ತ ಗಾಯಾಳುಗಳಲ್ಲಿ ಜನರಲ್ ವುಡ್‌ಗೇಟ್ ಅವರ ಹೆಸರು ಬರುತ್ತದೆ. ಹೊತ್ತ ಕೂಲಿಗಳಲ್ಲಿ ಒಬ್ಬನ ಹೆಸರೂ ಬಾರದು. ಪದಕಗಳು ಸಂದದ್ದೂ ಮುಖಂಡರಿಗೇ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಇಲ್ಲಿ ವೀರಗಲ್ಲು ನೆನಪಾಗುತ್ತದೆ. ಅದರ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ. ಅಲ್ಲಿ ಒಯ್ಯುವುದೆಂದರೆ ಸತ್ತವನನ್ನು ಸ್ವರ್ಗಕ್ಕೆ ಒಯ್ಯುವುದು. ಉಸಿರಿರುವವನನ್ನು ಆಸ್ಪತ್ರೆಗೆ ಹೊರುವವನಿಗೆ ಆ ಶಿಲ್ಪದಲ್ಲಿ ಸ್ಥಾನವಿಲ್ಲ. ಆತ್ಮಕಥೆ ಅವನಿಗೆ ಸ್ಥಾನ ಕೊಟ್ಟಿತು. ಆದರೆ ಹೆಸರಿನ ವಿಷಯದಲ್ಲಿ ಕಲ್ಲೇ ಉದಾರಿ. ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಯ ಹೆಸರನ್ನೂ 10ನೆಯ ಶತಮಾನದ ಆತಕೂರು ಶಾಸನ ಉಳಿಸಿದೆ.

ಕೂಲಿಗಳ ಹೆಸರುಗಳು ಪೂರ್ಣವಾಗಿ ಅಳಿದಿಲ್ಲ. ಮದರಾಸು, ಕಲ್ಕತ್ತೆಗಳಿಂದ ನೆಟಾಲಿಗೆ ಹೋದ ಹಡಗುಗಳ ಪಟ್ಟಿಗಳಲ್ಲಿ ವ್ಯಕ್ತಿಯ ಹೆಸರು, ತಂದೆಯ ಹೆಸರು, ಊರು, ಸಂಖ್ಯೆಗಳು ದಾಖಲಾಗಿವೆ. ಅಲ್ಲಿ ಹೆಸರಿದೆ, ಹೊತ್ತ ಕಥೆಯಿಲ್ಲ. ಇಲ್ಲಿ ಕಥೆಯಿದೆ, ಹೆಸರಿಲ್ಲ. ಇವೆರಡನ್ನೂ ಕೂಡಿಸಿ ಓದುವ ಹೊಣೆ ಸಂಶೋಧಕರದು. ಅಲ್ಲಿಯವರೆಗೆ ಆ ‘ನಾವು’ ಎಂಬ ಪದದ ಅರ್ಥ ಅಪೂರ್ಣವೆಂದೇ ನಾವು ಭಾವಿಸುತ್ತೇವೆ.